ವೇಡ್‌ನ ಕೈಪಟ್ಟಿ

ಕೈಪಟ್ಟಿಗಳು ಅಂಚೆಯಲ್ಲಿ ಬಂದಾಗ ವೇಡ್ ಸತ್ತು ಏಳು ವಾರವಾಗಿತ್ತು.

ರಟ್ಟಿನ ಪೆಟ್ಟಿಗೆಯಲ್ಲಿ ನಾಲ್ಕು ಗುಳಿಗಳಿದ್ದವು, ಒಂದೊಂದರಲ್ಲೂ ಒಂದು ರಬ್ಬರ್ ಪಟ್ಟಿ. ಒಳಮೈಯಲ್ಲಿ ಹೆಸರು ಕೊರೆದಿತ್ತು. ಹಸಿರಿನಲ್ಲಿ ನನ್ನ ಹೆಸರು, ಟ್ವೈಲಾ. ಹಳದಿ ನನ್ನ ಮಗಳು ಜೂನಿಯದು, ಅವಳಿಗೆ ಆರು ವರ್ಷ. ನೇರಳೆ ನನ್ನ ಅತ್ತೆ ಓಪಲ್ ಅವರದು. ಕೆಂಪು ನನ್ನ ಗಂಡ ವೇಡ್‌ನದು.

ಒರ್ಲ್ಯಾಂಡೊದ ಮನರಂಜನಾ ಪಾರ್ಕಿನಲ್ಲಿ ಆರು ದಿನ. ಅದರೊಳಗಿನ ಹೋಟೆಲು, ಆಟಗಳು, ಆರೂ ದಿನದ ಊಟ, ಎಲ್ಲಕ್ಕೂ ನನ್ನ ಗಂಡ ಬದುಕಿದ್ದಾಗಲೇ ಹಣ ಕಟ್ಟಿದ್ದ. ತಲೆಗೆ ದಿನಕ್ಕೊಂದು ಕೂತು ಉಣ್ಣುವ ಊಟ, ಕೌಂಟರಿನಲ್ಲಿ ತೆಗೆದುಕೊಳ್ಳುವ ಊಟ ಒಂದು, ಒಂದು ತಿಂಡಿ, ಎಷ್ಟು ಸಲ ಬೇಕಾದರೂ ಪಾನಕ ತುಂಬಿಸಿಕೊಳ್ಳಲು ಒಂದು ದಪ್ಪ ಲೋಟ. ಪಟ್ಟಿಯನ್ನು ಯಂತ್ರಕ್ಕೆ ತಾಗಿಸಿದರೆ ಸಾಕು. ಬೆಲೆ ಕಣ್ಣಿಗೆ ಬೀಳುವುದಿಲ್ಲ.

ವೇಡ್‌ಗೆ ಬೇಕಾಗಿದ್ದದ್ದು ಅದೇ. ಎಂಟು ವರ್ಷದವನಿದ್ದಾಗ ಅವನು ಇದೇ ಪಾರ್ಕಿಗೆ ಬಂದಿದ್ದ. ಅಪ್ಪ, ಅಂದರೆ ನನ್ನ ಮಾವ ಹಾರ್ಲನ್, ಕೊಡಿಸಿದ ಟರ್ಕಿ ಕೋಳಿಯ ಕಾಲನ್ನು ಕೈತಪ್ಪಿ ನೆಲಕ್ಕೆ ಬೀಳಿಸಿದ. ಹಾರ್ಲನ್ ಅದನ್ನು ಎತ್ತಿ, ಮಣ್ಣು ಒರೆಸಿ, ಮಗನಿಂದ ತಿನ್ನಿಸಿ, ಆಮೇಲೆ ಶೌಚಾಲಯದ ಹಿಂದೆ ಕರೆದೊಯ್ದು ಬೆಲ್ಟು ಬಿಚ್ಚಿದರು. ಬೆಲ್ಟಿನ ಕೊಂಡಿಯ ಗುರುತು ವೇಡ್‌ನ ಬಲಭುಜದ ಮೇಲೆ ಕೊನೆಯವರೆಗೂ ಇತ್ತು. ಶವಪೆಟ್ಟಿಗೆಯಲ್ಲಿ ಮಲಗಿಸಲು ಅಂಗಿ ತೊಡಿಸುವಾಗಲೂ ಅದನ್ನು ನೋಡಿದೆ.

‘ಬೆಲೆ ಕಂಡ್ರೆ ನಮ್ಮಪ್ಪಂಗೆ ಕೈ ಏಳತ್ತೆ. ನನ್ ಮಗಳಿಗೆ ಮೇಜಿನ ಮುಂದೆ ಯಾರೂ ಹೊಡೀಬಾರ್ದು’ ಎಂದಿದ್ದ. ಆದ್ದರಿಂದಲೇ ನಾಲ್ಕು ಜನರಿಗೆ ಕಟ್ಟಿದ್ದ, ಐವರಿಗಲ್ಲ. ತಾಯಿಯನ್ನು ಸೇರಿಸಿದ್ದ, ತಂದೆಯನ್ನು ಬಿಟ್ಟಿದ್ದ.

ವೇಡ್ ಕೂಡ ನನ್ನ ಮೇಲೆ ಎರಡು ಸಲ ಕೈಮಾಡಿದ್ದ. ಎರಡೂ ಸಲ ಊಟದ ಮೇಜಿನಲ್ಲೇ. ಎರಡನೆಯದರ ಮರುದಿನ ಈ ಹಣ ಕಟ್ಟಿದ. ಏಪ್ರಿಲ್‌ನಲ್ಲಿ ಚರ್ಚೊಂದರ ಚಾವಣಿಗೆ ತಗಡು ಹೊದಿಸುವಾಗ ಕೆಳಗೆ ಬಿದ್ದು ಸತ್ತ. ಮೂರನೆಯ ಸಲ ಇರುತ್ತಿತ್ತೋ ಇಲ್ಲವೋ ನನಗೆ ತಿಳಿಯದು.

ನಾನೂ ಜೂನಿಯೂ ಆಗಲೇ ಕೆಂಟಕಿಯಲ್ಲಿದ್ದ ಅತ್ತೆ ಮಾವನ ಮನೆಯ ನೆಲಮಾಳಿಗೆಗೆ ಬಂದಿದ್ದೆವು. ಪೆಟ್ಟಿಗೆ ಬಿಚ್ಚಿದ್ದು ಅವರ ಅಡುಗೆಮನೆಯಲ್ಲಿ. ಹಾರ್ಲನ್ ಕೆಂಪು ಪಟ್ಟಿಯನ್ನು ಎತ್ತಿ ತಮ್ಮ ಬಲಮುಂಗೈಗೆ ತೊಟ್ಟುಕೊಂಡರು.

‘ಅದು ವೇಡ್‌ದು’ ಎಂದೆ.

‘ವೇಡ್ ಬಂದು ಉಣ್ತಾನಾ? ಕಟ್ಟಿದ್ದು ಕಟ್ಟಿದ್ದೇ. ಹಾಳಾಗಕ್ಕೆ ಬಿಡ್ಬೇಕಾ?’

‘ಪಾರ್ಕಿನವ್ರಿಗೆ ಫೋನ್ ಮಾಡಿ ಹೆಸ್ರು ಬದ್ಲಾಯಿಸ್ಬೇಕಾಗತ್ತೆ.’

‘ನೀನೇ ಮಾಡು, ಪ್ರೊಫೆಸರ್. ಓದಿರೋಳು ನೀನಲ್ವಾ.’

ನಾನು ಪ್ರೊಫೆಸರ್ ಅಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಶಾಲೆಯೊಂದರ ಪುಸ್ತಕದ ಕೋಣೆ ನೋಡಿಕೊಳ್ಳುತ್ತಿದ್ದೆ. ಫೋನು ಎತ್ತಿದೆ. ಆ ಕಡೆಯ ಹೆಂಗಸು ‘ಹೆಸರು ಯಾಕೆ ಬದಲಾಗ್ಬೇಕು ಮೇಡಂ?’ ಎಂದಳು. ಉತ್ತರ ಎರಡೇ ಪದದ್ದು. ಬಾಯಿಗೆ ಬರಲಿಲ್ಲ. ಫೋನು ಇಟ್ಟೆ. ಮತ್ತೆ ಮಾಡಲಿಲ್ಲ.

ಬರುವುದಿಲ್ಲ ಎನ್ನಬಹುದಿತ್ತು. ಜೂನಿ ಜನವರಿಯಿಂದ ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದುಹಾಕುತ್ತಿದ್ದಳು. ಅಪ್ಪ ಸತ್ತ ದಿನವನ್ನೂ ಹೊಡೆದಿದ್ದಳು. ಹಾಗಾಗಿ ವ್ಯಾನು ಹತ್ತಿದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ಆರು ದಿನ ಆ ಮನುಷ್ಯನ ಕೈ ಜೂನಿಯ ಮೇಲೆ ಬೀಳಬಾರದು.

ಹಾರ್ಲನ್‌ರ ಎಡಗೈಯ ಎರಡು ಬೆರಳುಗಳು ಕಲ್ಲಿದ್ದಲ ಗಣಿಯಲ್ಲಿ ಹೋಗಿದ್ದವು. ಉಳಿದ ಎಂಟರಿಂದ ಅವರು ಆ ಮನೆಯನ್ನು ಆಳಿದ್ದರು. ಮನೆಯಲ್ಲಿದ್ದ ಕಾನೂನು ಒಂದೇ. ದುಡ್ಡು ಕಟ್ಟಿದ್ದನ್ನು ತಿನ್ನಬೇಕು. ತಟ್ಟೆಯಲ್ಲಿ ಒಂದು ಬಟಾಣಿ ಉಳಿದರೂ ಕೈ ಏಳುತ್ತಿತ್ತು.

ಮೊದಲ ಬೆಳಿಗ್ಗೆ ಹೋಟೆಲಿನ ಊಟದ ಸಭಾಂಗಣದ ಬಾಗಿಲಲ್ಲಿ ಅವರು ಕೈಯನ್ನು ಯಂತ್ರಕ್ಕೆ ತಾಗಿಸಿದರು. ಹಸಿರು ದೀಪ ಹತ್ತಿತು. ಪರದೆ ನೋಡಿ ಬಾಗಿಲಿನವಳು ನಕ್ಕಳು.

‘ಬನ್ನಿ ಬನ್ನಿ, ವೇಡ್! ಚೆನ್ನಾಗಿ ಹಸ್ಕೊಂಡ್ ಬಂದಿದೀರಾ?’

ಓಪಲ್ ಬಾಗಿಲಲ್ಲೇ ನಿಂತುಬಿಟ್ಟರು.

‘ಕೇಳಿಸ್ತಾ?’ ಹಾರ್ಲನ್ ಹೆಂಡತಿಯ ಬೆನ್ನಿಗೆ ಗುದ್ದಿದರು. ‘ನಿನ್ ಮಗ ಇನ್ನೂ ಚಾಲ್ತೀಲಿದಾನೆ. ನಡಿ.’

ಒಳಗೆ ನಾಲ್ಕು ತಟ್ಟೆ ತುಂಬಿಸಿ ತಂದರು. ಮೊಟ್ಟೆ, ಹಂದಿಮಾಂಸದ ಸೀಳು, ಬನ್ನಿನಂಥ ಬಿಸ್ಕೆಟ್, ಬಿಳಿ ಗೊಜ್ಜು. ಓಪಲ್ ತುತ್ತು ಎತ್ತಿ ಇಳಿಸಿದರು. ಹಾರ್ಲನ್ ಬಡಿಸುವ ದೊಡ್ಡ ಚಮಚವನ್ನು ತಿರುಗಿಸಿ ಅದರ ಅಂಚಿನಿಂದ ಹೆಂಡತಿಯ ಬೆರಳ ಗಿಣ್ಣಿನ ಮೇಲೆ ಹೊಡೆದರು. ಒಂದೇ ಏಟು, ಮಾತಿನ ನಡುವೆ, ನೊಣ ಹೊಡೆದಂತೆ. ಗಿಣ್ಣು ಬಿರಿದು ರಕ್ತ ಬಂತು. ಓಪಲ್ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಿನ್ನತೊಡಗಿದರು.

ಜೂನಿ ನನ್ನನ್ನು ನೋಡಿದಳು. ಅವಳ ತಟ್ಟೆಯಲ್ಲಿ ಎರಡು ಬಿಸ್ಕೆಟ್ ಉಳಿದಿದ್ದವು. ಹಾರ್ಲನ್ ಪಾನಕಕ್ಕೆಂದು ಎದ್ದಾಗ ಎರಡನ್ನೂ ನಾನು ಬಾಯಿಗೆ ತುರುಕಿಕೊಂಡೆ.

ಆಮೇಲೆ ನನ್ನ ಕೆಲಸ ಅದೇ ಆಯಿತು. ಜೂನಿಗೆ ಬೇಡವಾದದ್ದನ್ನೆಲ್ಲ ನಾನು ತಿಂದೆ. ಅರ್ಧ ಪಿಜ್ಜಾ, ತಣ್ಣಗಾದ ಸಾಸೇಜು, ಕರಗಿದ ಐಸ್‌ಕ್ರೀಮು. ಎರಡನೆಯ ದಿನ ರೈಲಾಟದ ಹಿಂದಿನ ಪೊದೆಯಲ್ಲಿ ವಾಂತಿ ಮಾಡಿಕೊಂಡೆ. ಮೂರನೆಯ ದಿನ ಎರಡು ಸಲ. ಬಾಯಿ ತೊಳೆದು ಬಂದು ಮತ್ತೆ ತಿಂದೆ. ವೇಡ್ ಹೋದಾಗಿನಿಂದ ಯಾವುದಕ್ಕೂ ರುಚಿ ಇರಲಿಲ್ಲ, ಅದು ಅನುಕೂಲವೇ ಆಯಿತು.

ಮೂರನೆಯ ಸಂಜೆ ಓಪಲ್ ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಮುಟ್ಟಿದರು. ಅವರ ಕೈಚೀಲ ತೆರೆದಿತ್ತು. ಒಳಗೆ ಪ್ಲಾಸ್ಟಿಕ್ ಹಾಸಿದ್ದರು. ಕೋಳಿಯ ಎರಡು ತುಂಡು, ಒಂದು ಹಿಡಿ ಹುರಿದ ಆಲೂಗಡ್ಡೆ ಆಗಲೇ ಅದರೊಳಗಿದ್ದವು.

‘ಎಷ್ಟ್ ವರ್ಷದಿಂದ?’ ಎಂದು ಪಿಸುಗುಟ್ಟಿದೆ.

‘ವೇಡ್ ಹುಟ್ದಾಗಿಂದ’ ಎಂದರು. ‘ಗೊಜ್ಜು ಹಾಕ್ಬೇಡ. ಸೋರತ್ತೆ.’

ನಾಲ್ಕನೆಯ ದಿನ ಮಧ್ಯಾಹ್ನ ಪಾನಕದ ಯಂತ್ರದ ಮುಂದೆ ಸಾಲು ಉದ್ದವಿತ್ತು, ಬಿಸಿಲು ವಿಪರೀತ. ಹಾರ್ಲನ್ ಲೋಟ ತುಂಬಿಸಿ, ಅಲ್ಲೇ ನಿಂತು ಕುಡಿದು, ಮತ್ತೆ ತುಂಬಿಸುತ್ತಿದ್ದರು. ಹಿಂದಿದ್ದ ಟೊಪ್ಪಿಯವನು ಹೇಳಿದ, ‘ಯಜಮಾನ್ರೇ, ನಾಲ್ಕನೇ ಸಲ. ಒಂಟೆ ಥರ ಆಯ್ತು. ನಮ್ ಮಕ್ಳೂ ಬಾಯಾರ್ಕೊಂಡಿವೆ.’

‘ನಾನ್ ಕಟ್ಟಿದೀನಿ.’

‘ಎಲ್ಲಾರೂ ಕಟ್ಟಿದೀವಪ್ಪಾ.’ ಅವನು ಭುಜದಿಂದ ಹಾರ್ಲನ್‌ರನ್ನು ಸ್ವಲ್ಪ ತಳ್ಳಿದ.

ಹಾರ್ಲನ್ ಲೋಟವನ್ನು ಅವನ ಬಾಯಿಗೆ ಅಪ್ಪಳಿಸಿದರು. ಅದು ದಪ್ಪ ಪ್ಲಾಸ್ಟಿಕ್ಕಿನದು, ಒಳಗೆ ಮಂಜುಗಡ್ಡೆ ತುಂಬಿತ್ತು. ಇನ್ನೊಂದು ಸಲ ಅಪ್ಪಳಿಸಿದರು. ಆ ಮನುಷ್ಯ ಮಂಡಿಯೂರಿದ. ಯಂತ್ರದ ಕೆಳಗಿನ ಜಾಲರಿಯ ಮೇಲೆ ಎರಡು ಹಲ್ಲು ಬಿದ್ದವು, ಅವುಗಳ ಮೇಲೆ ಕಿತ್ತಳೆ ಪಾನಕ ಸುರಿಯುತ್ತಲೇ ಇತ್ತು. ಅವನ ಮಕ್ಕಳು ಕಿರುಚಿದರು. ಹಾರ್ಲನ್ ಅವನ ಕೈಯ ಮೇಲೆ ಬೂಟು ಇಟ್ಟು ನಿಂತರು. ಬೆರಳುಗಳು ಮುರಿದ ಸದ್ದು ನನಗೆ ಕೇಳಿಸಿತು.

ಕಾವಲಿನವರು ಬಂದರು. ಹಲ್ಲು ಹೋದವನು ಪೊಲೀಸರು ಬೇಡ ಎಂದು ಕೈ ಆಡಿಸಿದ. ಮೊದಲು ತಳ್ಳಿದ್ದು ತಾನೇ, ರಜೆ ಇನ್ನೆರಡು ದಿನ ಇದೆ ಎಂದು ರಕ್ತ ಉಗುಳುತ್ತ ಹೇಳಿದ. ಕಾವಲಿನವನು ಹಾರ್ಲನ್‌ರ ಕೆಂಪು ಪಟ್ಟಿಯನ್ನು ತನ್ನ ಯಂತ್ರಕ್ಕೆ ತಾಗಿಸಿದ.

‘ವೇಡ್, ಇದನ್ನ ನಿಮ್ಮ ಹೆಸರಲ್ಲಿ ಬರ್ಕೊಂಡಿದೀನಿ. ಇನ್ನೊಂದ್ ಸಲ ಆದ್ರೆ ಆಚೆ ಹಾಕ್ತೀವಿ.’

‘ಆಯ್ತಪ್ಪಾ’ ಎಂದರು ಹಾರ್ಲನ್. ಲೋಟ ತೊಳೆದು ಮತ್ತೆ ತುಂಬಿಸಿದರು.

ಜೂನಿ ನನ್ನ ಅಂಗಿಯ ಅಂಚು ಹಿಡಿದಿದ್ದಳು. ‘ಅಮ್ಮಾ, ಅಪ್ಪನ ಹೆಸರಲ್ಲಿ ಯಾಕ್ ಬರ್ಕೊಂಡ್ರು? ಅಪ್ಪ ಹೊಡ್ದಿಲ್ವಲ್ಲ.’

‘ಇಲ್ಲ’ ಎಂದೆ.

‘ಅಪ್ಪ ಯಾರ್ಗೂ ಹೊಡ್ದಿಲ್ಲ.’

ವೇಡ್ ಹೊಡೆದಾಗ ಕೆನ್ನೆಯೊಳಗೆ ಹಲ್ಲು ತಾಗಿ ಆದ ಗಾಯದ ಗಂಟು ಇನ್ನೂ ಇತ್ತು. ನಾಲಿಗೆಯಿಂದ ಅದನ್ನು ಮುಟ್ಟಿದೆ. ಏಪ್ರಿಲ್‌ನಿಂದೀಚೆಗೆ ಮೊದಲ ಬಾರಿ ಒಳಗೆ ಏನೋ ಬಿಸಿಯಾಗಿ ಅಲುಗಿತು.

ಆರನೆಯ ದಿನ ಪಾರ್ಕಿನ ಕೋಟೆಯೊಳಗಿನ ಭೋಜನ. ಅದಕ್ಕೆ ಒಬ್ಬೊಬ್ಬರಿಗೆ ಎರಡು ಊಟದ ಲೆಕ್ಕ ಕತ್ತರಿಸುತ್ತಾರೆ. ವೇಡ್ ಆರು ತಿಂಗಳ ಹಿಂದೆಯೇ ಜಾಗ ಹಿಡಿದಿದ್ದ. ಐದು ಗಂಟೆಗೆ ಹೋದೆವು. ಎತ್ತರದ ಕಮಾನು, ಬಣ್ಣದ ಗಾಜು, ಮರದ ಮೇಜು. ಬಡಿಸುವವಳ ಹೆಸರು ಯೆಸೇನಿಯಾ, ಪೋರ್ಟೊ ರಿಕೊದವಳು, ನನ್ನ ವಯಸ್ಸಿನವಳೇ ಇರಬೇಕು. ಜೂನಿಯನ್ನು ಮೇಜಿನ ತುದಿಯ ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿದಳು. ಅದರ ಒಂದು ಪಕ್ಕ ನಾನು. ಇನ್ನೊಂದು ಪಕ್ಕ ಹಾರ್ಲನ್.

‘ರಾಣಿಯವ್ರಿಗೆ ಏನ್ ಬೇಕು?’

‘ಸ್ವಲ್ಪ’ ಎಂದಳು ಜೂನಿ.

ಯೆಸೇನಿಯಾ ನಕ್ಕಳು. ಹಾರ್ಲನ್ ನಗಲಿಲ್ಲ. ‘ತುಂಬಾ ತಾ. ಕಟ್ಟಿದೀವಿ.’

ದೊಡ್ಡ ಮಾಂಸದ ತುಂಡುಗಳು ಬಂದವು, ಒಳಗೆ ಇನ್ನೂ ಕೆಂಪಾಗಿ. ನಾನು ನನ್ನದನ್ನು ತಿಂದೆ, ಜೂನಿಯದರಲ್ಲಿ ಅರ್ಧ ತಿಂದೆ. ಉಳಿದದ್ದು ಓಪಲ್‌ರ ಚೀಲಕ್ಕೆ ಹೋಯಿತು. ನಾಲ್ಕೂ ತಟ್ಟೆಗಳು ಖಾಲಿಯಾದವು. ಹಾರ್ಲನ್ ಒಂದೊಂದನ್ನೇ ಬಗ್ಗಿ ನೋಡಿ ತಲೆಯಾಡಿಸಿದರು. ಮುಗಿಯಿತು ಎಂದುಕೊಂಡೆ. ಆರು ದಿನ ಕಳೆದೆ. ಕೈ ಬೀಳಲಿಲ್ಲ.

ಆಗ ಡೋಲು ಬಾರಿಸಿದರು.

ಅಡುಗೆಮನೆಯ ಬಾಗಿಲಿಂದ ಐದು ಜನ ಚಪ್ಪಾಳೆ ತಟ್ಟುತ್ತ ಬಂದರು. ಮುಂದೆ ಯೆಸೇನಿಯಾ, ಕೈಯಲ್ಲಿ ಬಿಳಿ ಕೇಕು, ಅದರ ಮೇಲೆ ಮೂರು ಮತ್ತು ಎರಡರ ಆಕಾರದ ಮೇಣದಬತ್ತಿ. ಹುಟ್ಟುಹಬ್ಬದ ಹಾಡು ಹಾಡಿದರು. ಹೆಸರು ಬರುವ ಕಡೆ ಇಡೀ ಕೋಣೆ ದನಿಗೂಡಿಸಿತು. ವೇಡ್. ವೇಡ್.

ಆ ದಿನ ವೇಡ್‌ನ ಹುಟ್ಟುಹಬ್ಬ. ನನಗೆ ಬೆಳಗಿನಿಂದ ನೆನಪಿತ್ತು, ಓಪಲ್‌ರಿಗೂ ಇತ್ತು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಜಾಗ ಹಿಡಿಯುವಾಗ ಅವನೇ ಅದನ್ನು ಬರೆಸಿದ್ದಿರಬೇಕು. ಅಂದು ಫೋನಿನಲ್ಲಿ ನಾನು ಆ ಎರಡು ಪದ ಹೇಳಿದ್ದರೆ ಈ ಕೇಕು ಬರುತ್ತಿರಲಿಲ್ಲ.

ಯೆಸೇನಿಯಾ ಹಾರ್ಲನ್‌ರ ನರೆತ ತಲೆಯ ಮೇಲೆ ಕಾಗದದ ಕಿರೀಟ ಇಟ್ಟಳು. ‘ಮೂವತ್ತೆರಡಾ, ವೇಡ್? ಮುಖಕ್ಕೆ ಏನ್ ಹಚ್ಕೋತೀರಾ, ನಮ್ಗೂ ಹೇಳಿ!’

ಪಕ್ಕದ ಮೇಜುಗಳು ನಕ್ಕವು. ಹಾರ್ಲನ್‌ರ ಕುತ್ತಿಗೆ ಕೆಂಪಾಗಿ, ಆ ಕೆಂಪು ಕಿವಿಗೆ ಏರಿತು. ಬತ್ತಿಗಳನ್ನು ಬೆರಳಿನಿಂದ ಹೊಸಕಿ ಆರಿಸಿದರು. ಚಾಕು ತೆಗೆದುಕೊಂಡು ಕೇಕನ್ನು ನಾಲ್ಕು ಭಾಗ ಮಾಡಿದರು. ದೊಡ್ಡದನ್ನು ಜೂನಿಯ ತಟ್ಟೆಗೆ ಹಾಕಿದರು.

‘ತಿನ್ನು.’

‘ಬೇಡ ತಾತ. ಅದು ಅಪ್ಪಂದು.’

‘ನಿಮ್ಮಪ್ಪ ಇಲ್ಲ. ಕಟ್ಟಿ ಹೋಗಿದಾನೆ. ತಿನ್ನು.’

‘ಅಪ್ಪಂಗೆ ಇಡ್ತೀನಿ.’ ಅವಳು ತಟ್ಟೆಯನ್ನು ಎರಡೂ ಕೈಯಿಂದ ಮೇಜಿನ ನಡುವಿಗೆ ತಳ್ಳತೊಡಗಿದಳು.

ಹಾರ್ಲನ್ ಅವಳ ತಲೆಯ ಹಿಂಭಾಗ ಹಿಡಿದು ಮುಖವನ್ನು ತಟ್ಟೆಗೆ ಜಜ್ಜಿದರು.

ತಟ್ಟೆ ಒಡೆಯಿತು. ನನಗೆ ಕೇಳಿಸಿದ್ದು ಅದೊಂದೇ. ಜೂನಿ ತಲೆ ಎತ್ತಿದಾಗ ಮುಖದ ತುಂಬ ಬಿಳಿ ಕೆನೆ, ಹುಬ್ಬಿನ ಮೇಲಿಂದ ಕೆನೆಯೊಳಗೆ ರಕ್ತ ಇಳಿಯುತ್ತಿತ್ತು. ಅವಳು ಅಳಲಿಲ್ಲ. ಆ ಮನೆಯಲ್ಲಿ ಅತ್ತರೆ ಇನ್ನೊಂದು ಬೀಳುತ್ತದೆ ಎಂದು ಯಾರು ಯಾವಾಗ ಅವಳಿಗೆ ಕಲಿಸಿದ್ದರೋ.

‘ಎರಡ್ನೇ ಸಲ ಹೇಳಲ್ಲ’ ಎಂದು ಹಾರ್ಲನ್ ಬಲಗೈಯನ್ನು ಅವಳ ಮುಂದೆ ಮೇಜಿಗೆ ಬಡಿದರು. ಅಂಗೈ ಕೆಳಗೆ. ಬೆರಳುಗಳು ಅಗಲವಾಗಿ ಹರಡಿದ್ದವು.

ಫೋರ್ಕು ನನ್ನ ಕೈಯಲ್ಲೇ ಇತ್ತು. ಅದನ್ನು ಆ ಕೈಯ ನಡುವಿಗೆ ಇಳಿಸಿದೆ. ಮೊದಲು ಎಲುಬಿಗೆ ತಾಗಿ ಜಾರಿತು, ಆಮೇಲೆ ದಾರಿ ಸಿಕ್ಕಿತು. ಎದ್ದು ನಿಂತು ಮೈಯ ಭಾರ ಬಿಟ್ಟೆ. ಫೋರ್ಕಿನ ಹಲ್ಲುಗಳು ಕೈ ದಾಟಿ ಮರಕ್ಕೆ ಹೊಕ್ಕದ್ದು ನನ್ನ ಮೊಣಕೈವರೆಗೂ ತಿಳಿಯಿತು.

ಹಾರ್ಲನ್ ಕೂಗಿದರು. ಎಡಗೈಯ ಮೂರು ಬೆರಳಿನ ಮುಷ್ಟಿಯಿಂದ ನನ್ನ ಬಾಯಿಗೆ ಗುದ್ದಿದರು. ತುಟಿ ಸೀಳಿತು. ಮತ್ತೆ ಗುದ್ದಿದರು. ನಾನು ಮಾಂಸ ಕೊಯ್ಯುವ ಚಾಕುವನ್ನು ಎತ್ತಿಕೊಂಡು ಕೆಂಪು ಪಟ್ಟಿಯ ಕೆಳಗೆ ತೂರಿಸಿದೆ. ಗರಗಸದಂತೆ ಎಳೆದೆ. ರಬ್ಬರ್ ಗಟ್ಟಿ ಇತ್ತು, ಚರ್ಮ ಅಷ್ಟು ಗಟ್ಟಿ ಇರಲಿಲ್ಲ. ಅವರು ನನ್ನ ಕೂದಲು ಹಿಡಿದು ತಲೆಯನ್ನು ಮೇಜಿನ ಅಂಚಿಗೆ ಬಡಿದರು. ನಾನು ಕೊಯ್ಯುತ್ತಲೇ ಇದ್ದೆ. ಪಟ್ಟಿ ಕಳಚಿ ಬಿದ್ದಿತು. ಅದನ್ನು ಎತ್ತಿ ಜೂನಿಯ ಕೈಯಲ್ಲಿಟ್ಟೆ.

ಇಬ್ಬರು ಕಾವಲಿನವರು ಹಾರ್ಲನ್‌ರನ್ನು ಕುರ್ಚಿಗೆ ಒತ್ತಿ ಹಿಡಿದರು. ಯಾರೋ ಫೋರ್ಕು ಕಿತ್ತರು. ಸ್ವಲ್ಪ ಹೊತ್ತಿಗೆ ಶೆರಿಫ್ ಕಚೇರಿಯ ಪೊಲೀಸಿನವನು ಬಂದ. ಗಟ್ಟಿ ಮೈಯ ನಿಧಾನದ ಮನುಷ್ಯ. ಕಾವಲಿನವನು ಪರದೆ ತೋರಿಸಿದ.

‘ವೇಡ್ ಅನ್ನೋರು ನೀವೇನಾ?’

‘ಹಾರ್ಲನ್. ವೇಡ್ ನನ್ ಮಗ.’

‘ಮಗ ಎಲ್ಲಿ?’

‘ನಮ್ಮಪ್ಪ ಸತ್ತೋದ್ರು’ ಎಂದಳು ಜೂನಿ. ಅವಳ ಹಣೆಗೆ ಯೆಸೇನಿಯಾ ಬಟ್ಟೆ ಒತ್ತಿ ಹಿಡಿದಿದ್ದಳು. ‘ತಾತ ಅಪ್ಪನ ಪಟ್ಟಿ ಹಾಕ್ಕೊಂಡಿದ್ರು.’

ಅವನು ಹಾರ್ಲನ್‌ರ ಕೈಯ ನಾಲ್ಕು ತೂತುಗಳನ್ನು ನೋಡಿದ. ‘ಇದ್ ಹೇಗಾಯ್ತು?’

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಓಪಲ್ ಎದ್ದು ನಿಂತರು. ಗಂಡ ಮೇಜಿನಲ್ಲಿರುವಾಗ ಅವರು ಹೇಳದೆ ಕೇಳದೆ ಎದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

‘ಮಾಂಸಕ್ಕೆ ಚುಚ್ಚಕ್ಕೆ ಹೋಗಿ ತಾನೇ ಚುಚ್ಕೊಂಡ’ ಎಂದರು.

‘ಅಷ್ಟ್ ಆಳಕ್ಕಾ ಮೇಡಂ?’

‘ತುಂಬಾ ಆತುರದ ಮನುಷ್ಯ.’

‘ಮುಂಗೈ ಮೇಲಿನ ಗಾಯ?’

‘ಅದೂ ಆತುರಾನೇ.’

ಅವನು ಹಾರ್ಲನ್ ಕಡೆ ತಿರುಗಿದ. ‘ಹೌದಾ ಸರ್? ಇಲ್ಲಾ ಈಯಮ್ಮ ಚುಚ್ಚಿದ್ರಾ?’

ಹಾರ್ಲನ್ ನನ್ನನ್ನು ನೋಡಿದರು. ಕೋಣೆಯ ತುಂಬ ಜನ. ಕಾಗದದ ಕಿರೀಟ ಇನ್ನೂ ಒಂದು ಕಿವಿಗೆ ಸಿಕ್ಕಿಕೊಂಡಿತ್ತು. ಹೆಂಗಸೊಬ್ಬಳು ತನ್ನ ಕೈಯನ್ನು ಮೇಜಿಗೆ ಜಡಿದಳು ಎಂದು ಅವರು ಸಾಯುವವರೆಗೂ ಹೇಳುವವರಲ್ಲ.

‘ನಾನೇ’ ಎಂದರು.

‘ನಾನು ನೋಡ್ದೆ’ ಎಂದಳು ಯೆಸೇನಿಯಾ. ಎಲ್ಲರೂ ಅವಳತ್ತ ತಿರುಗಿದರು. ‘ಈ ಮನುಷ್ಯ ಮಗು ಮುಖಾನ ತಟ್ಟೆಗೆ ಜಜ್ಜಿದ್ನ ನೋಡ್ದೆ. ಈಯಮ್ಮನ ಬಾಯಿಗೆ ಗುದ್ದಿದ್ನೂ ನೋಡ್ದೆ. ನಡುವೆ ಏನಾಯ್ತೋ, ನಂಗೆ ಕಾಣ್ಲಿಲ್ಲ. ಕೇಕ್ ಅಡ್ಡ ಇತ್ತು.’

ಹಾರ್ಲನ್‌ರನ್ನು ಕೈಗೆ ಬಟ್ಟೆ ಸುತ್ತಿ, ಇನ್ನೊಂದು ಕೈಗೆ ಕೋಳ ಹಾಕಿ ಕರೆದೊಯ್ದರು. ಬಾಗಿಲಲ್ಲಿ ತಿರುಗಿ ಹೆಂಡತಿಯನ್ನು ಕೂಗಿದರು. ಓಪಲ್ ಮೇಜಿನ ಮೇಲಿನ ತಟ್ಟೆಯ ಚೂರುಗಳನ್ನು ಒಂದೊಂದಾಗಿ ಆರಿಸುತ್ತಿದ್ದರು.

ಜೂನಿಗೆ ಮೂರು ಹೊಲಿಗೆ ಬಿದ್ದವು, ನನಗೆ ಐದು.

ಮರುದಿನ ಬೆಳಿಗ್ಗೆ ಹನ್ನೊಂದರವರೆಗೆ ಕೋಣೆಯೂ ಊಟದ ಪ್ಲಾನೂ ನಮ್ಮದೇ. ಜ್ಯಾಕ್ಸನ್‌ವಿಲ್‌ನಿಂದ ನನ್ನ ಅಕ್ಕ ಕಾರ್ಲೀನ್ ಕಾರು ತರುತ್ತಿದ್ದಳು. ನಾನೂ ಜೂನಿಯೂ ಅವಳ ಮನೆಗೆ ಹೋಗುವವರಿದ್ದೆವು. ಕೌಂಟರಿನಲ್ಲಿ ಪಟ್ಟಿ ತಾಗಿಸಿ ಮೂವರೂ ಹೊರಗಿನ ಮೇಜಿಗೆ ಬಂದೆವು. ನನ್ನ ಬಾಯಿ ತೆರೆಯುತ್ತಿರಲಿಲ್ಲ. ನನ್ನ ತಟ್ಟೆಯನ್ನು ಮುಟ್ಟದೆ ಕೊಳವೆಯಲ್ಲಿ ಕಾಫಿ ಹೀರಿದೆ.

ಓಪಲ್ ವ್ಯಾನಿನ ಬೀಗದಕೈಯನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದರು.

‘ಬಿಡಿಸ್ಕೊಂಡು ಬರಕ್ಕೆ ಹೋಗ್ತೀರಾ?’ ಎಂದು ಕೇಳಿದೆ.

‘ಯಾರನ್ನ?’ ಎಂದರು. ಆಮೇಲೆ, ‘ನಾನು ಗಾಡಿ ಓಡ್ಸಿ ಇಪ್ಪತ್ತು ವರ್ಷ ಆಯ್ತು. ಬ್ರೇಕು ಇನ್ನೂ ನಡುವೇನೇ ತಾನೇ?’

‘ನಡುವೇನೇ.’

ಅವರು ಎದ್ದು ಕಸದ ಡಬ್ಬಿಯ ಹತ್ತಿರ ಹೋಗಿ ಕೈಚೀಲವನ್ನು ತಲೆಕೆಳಗು ಮಾಡಿದರು. ಆರು ದಿನದ ವಾಸನೆ ನಮ್ಮವರೆಗೂ ಬಂತು.

ಜೂನಿಯ ತಟ್ಟೆಯಲ್ಲಿ ಅರ್ಧ ಪ್ಯಾನ್‌ಕೇಕ್ ಉಳಿದಿತ್ತು. ಅವಳು ಫೋರ್ಕನ್ನು ಮೆಲ್ಲಗೆ ಕೆಳಗಿಟ್ಟಳು. ನನ್ನನ್ನು ನೋಡಿದಳು. ಕೈ ತಾನಾಗಿ ಹುಬ್ಬಿನ ಹೊಲಿಗೆಗೆ ಹೋಯಿತು. ಅವಳ ಹಳದಿ ಪಟ್ಟಿಯ ಮೇಲೆ ಕೆಂಪು ಪಟ್ಟಿಯನ್ನು ಕೂದಲು ಕಟ್ಟುವ ದಾರದಿಂದ ಬಿಗಿದುಕೊಂಡಿದ್ದಳು.

‘ಹೊಟ್ಟೆ ತುಂಬ್ತಾ?’ ಹೊಲಿಗೆಗಳ ಸಂದಿಯಿಂದ ಕೇಳಿದೆ.

‘ಹೂಂ.’

‘ಹಾಗಾದ್ರೆ ಬಿಡು.’

ಅವಳು ಖಾಲಿ ಕುರ್ಚಿಯನ್ನೊಮ್ಮೆ ನೋಡಿದಳು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಡಬ್ಬಿಯವರೆಗೆ ನಡೆದು, ತುದಿಗಾಲಲ್ಲಿ ನಿಂತು ಓರೆ ಮಾಡಿದಳು. ಪ್ಯಾನ್‌ಕೇಕ್ ಜಾರಿ ಒಳಗೆ ಬಿತ್ತು. ಬಗ್ಗಿ ಅದನ್ನು ನೋಡಿದಳು.

ತಿರುಗಿ ಬಂದು ನನ್ನ ತಟ್ಟೆಯ ಕಡೆ ಕೈ ಚಾಚಿದಳು. ‘ನಿಂದೂ ಹಾಕ್ಲಾ, ಅಮ್ಮಾ?’